67ರ ಮಸ್ಟ್ಯಾಂಗ್‌ಗೆ ಹಿಂದಿನ ಆಕ್ಸಲ್: 8 ಇಂಚೇ ಇರಲಾ, 8.8 ಹಾಕಲಾ, 9 ಇಂಚಿಗೆ ಹೋಗಲಾ?

ಹಳೇಕುದುರೆ:
ಎಲ್ಲರಿಗೂ ನಮಸ್ಕಾರ. ಊರು ದಾವಣಗೆರೆ, ಈಗ ಇರುವುದು ಡೆಟ್ರಾಯ್ಟ್ ಪಕ್ಕ. ಎರಡು ವರ್ಷದ ಹಿಂದೆ 1967ರ ಫೋರ್ಡ್ ಮಸ್ಟ್ಯಾಂಗ್ ಕೂಪೆ ತಗೊಂಡೆ. ಬಂದಾಗ 289 ಘನ ಇಂಚಿನ ವಿ8 ಇಂಜಿನ್ ಇತ್ತು. ಈ ಚಳಿಗಾಲ ಅದನ್ನು ಇಳಿಸಿ 302 ಕೂರಿಸಿದೆ. 300 ಹಾರ್ಸ್‌ಪವರ್ ಬರುತ್ತದೆ ಅಂತ ಇಂಜಿನ್ ಕಟ್ಟಿದವರು ಹೇಳಿದರು. ನಾನು 280 ಅಂತ ಲೆಕ್ಕ ಇಟ್ಟುಕೊಂಡಿದ್ದೇನೆ. ಗೇರ್‌ಬಾಕ್ಸ್ 5.0 ಮಸ್ಟ್ಯಾಂಗಿನ ಟಿ-5, ಐದು ಗೇರಿನದು. ಮುಂದೆ ಡಿಸ್ಕ್ ಬ್ರೇಕ್ ಹಿಂದಿನ ಮಾಲೀಕರೇ ಹಾಕಿಸಿದ್ದರು.

ಹಿಂದಿನ ಆಕ್ಸಲ್ ಮಾತ್ರ ಕಂಪನಿಯದ್ದೇ. 8 ಇಂಚು (ಒಳಗಿನ ದೊಡ್ಡ ಹಲ್ಲುಚಕ್ರ, ಅಂದರೆ ಕ್ರೌನಿನ ಅಡ್ಡಳತೆ), ಡ್ರಮ್ ಬ್ರೇಕ್. ತೊಂದರೆ ಎರಡು. 45 ಮೈಲಿ ವೇಗ ದಾಟಿದರೆ ಹಿಂದಿನಿಂದ ಗೂಂ ಅಂತ ಕೂಗು. ಇನ್ನೊಂದು, ಐದನೇ ಗೇರಿಗೆ ಹಾಕಿದರೆ ಇಂಜಿನ್ ಏದುಸಿರು ಬಿಡುತ್ತದೆ. ಆಫೀಸಿನಲ್ಲಿ ಇಂಥ ಗಾಡಿ ಇಟ್ಟುಕೊಂಡವರು ಮೂವರಿದ್ದಾರೆ. ಮೂವರೂ "9 ಇಂಚು ಹಾಕು, ಜನ್ಮಕ್ಕೆ ಸಾಕು" ಅನ್ನುತ್ತಾರೆ. ಬೆಲೆ ನೋಡಿ ಹೆಂಡತಿಗೆ ಇನ್ನೂ ಹೇಳಿಲ್ಲ. ಆಗಸ್ಟ್ ಮೂರನೇ ಶನಿವಾರ ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ (ಇಲ್ಲಿನ ಹಳೇ ಕಾರುಗಳ ಮೆರವಣಿಗೆ) ಗಾಡಿ ಓಡಿಸಬೇಕು. ಏನು ಮಾಡಲಿ?

ಲಾರಿಮೇಷ್ಟ್ರು:
ತಮ್ಮಾ, ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷ ಲಾರಿ ಶೆಡ್ಡು ನಡೆಸಿದವನು ನಾನು. ಈಗ ಮಗನ ಜೊತೆ ಒಹಾಯೊದಲ್ಲಿ ಇದ್ದೇನೆ. ಮೊದಲು ಕೂಗು ಎಲ್ಲಿಂದ ಬರ್ತಿದೆ ನೋಡು. ಹೌಸಿಂಗ್ (ಆಕ್ಸಲ್ಲಿನ ಹೊರ ಕವಚ) ಬದಲಾಯಿಸೋ ಮಾತು ಆಮೇಲೆ. ಇಲಿ ಬಂತು ಅಂತ ಮನೆಗೆ ಬೆಂಕಿ ಹಚ್ಚಬೇಡ.

ಖಾಲಿ ರಸ್ತೆಗೆ ಹೋಗು. 50 ಮೈಲಿಯಲ್ಲಿ ಆಕ್ಸಿಲರೇಟರ್ ಒತ್ತಿ ನೋಡು, ಬಿಟ್ಟು ನೋಡು. ಅದಕ್ಕೆ ತಕ್ಕ ಹಾಗೆ ಕೂಗು ಬದಲಾದರೆ ಕ್ರೌನ್ ಪಿನಿಯನ್ (ಕ್ರೌನು, ಅದನ್ನು ತಿರುಗಿಸುವ ಸಣ್ಣ ಹಲ್ಲುಚಕ್ರ) ಅಥವಾ ಪಿನಿಯನ್ ಬೇರಿಂಗ್. ಬದಲಾಗದೆ, ಸ್ಟೀರಿಂಗ್ ಸ್ವಲ್ಪ ಎಡಕ್ಕೆ ಬಲಕ್ಕೆ ತೂಗಿದಾಗ ಜಾಸ್ತಿ ಕಮ್ಮಿ ಆದರೆ ಚಕ್ರದ ಬೇರಿಂಗ್. ಇಷ್ಟು ಮಾಡಿ ಬಾ.

ಗ್ರೀಸ್‌ಕೈ:
ಮೇಷ್ಟ್ರು ಹೇಳಿದ್ದು ಸರಿ. ಜೊತೆಗೆ ಈಗಿರುವ ರೇಶಿಯೊ (ಚಕ್ರದ ಒಂದು ಸುತ್ತಿಗೆ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು) ಎಷ್ಟು ಅಂತಲೂ ಹೇಳಿ. ಆಕ್ಸಲ್ ಮೇಲೆ ಅದನ್ನು ಬರೆದ ತಗಡಿನ ಚೀಟಿ ಬಿದ್ದು ಹೋಗಿದ್ದರೆ ಹೀಗೆ ಎಣಿಸಿ: ಹಿಂದಿನ ಎರಡೂ ಚಕ್ರ ಎತ್ತಿ, ಸ್ಟ್ಯಾಂಡ್ ಕೊಡಿ (ಬರೀ ಜ್ಯಾಕ್ ನಂಬಿ ಕೆಳಗೆ ಹೋಗಬೇಡಿ), ಗೇರ್ ನ್ಯೂಟ್ರಲ್. ಒಂದು ಚಕ್ರ ಯಾರಾದರೂ ಹಿಡಿದುಕೊಳ್ಳಲಿ. ಇನ್ನೊಂದನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಪ್ರೊಪೆಲ್ಲರ್ ಶಾಫ್ಟ್ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಅದು ಎಷ್ಟು ಸುತ್ತು ಬಂತು ಎಣಿಸಿ. ಅದೇ ರೇಶಿಯೊ. ಲಿಮಿಟೆಡ್ ಸ್ಲಿಪ್ (ಒಂದೇ ಚಕ್ರ ಸುಮ್ನೆ ಸುತ್ತದಂತೆ ತಡೆಯುವ ಡಿಫರೆನ್ಷಿಯಲ್) ಇದ್ದರೆ ಎರಡೂ ಚಕ್ರ ಒಟ್ಟಿಗೆ ತಿರುಗುತ್ತವೆ. ಆಗ ಒಂದೇ ಸುತ್ತು ಸಾಕು.

ಹಳೇಕುದುರೆ:
ಮಾಡಿದೆ. ಮಗಳು ಚಕ್ರ ಹಿಡಿದಳು, ನಾನು ತಿರುಗಿಸಿದೆ. ಪ್ರೊಪೆಲ್ಲರ್ ಶಾಫ್ಟ್ ಮೂರು ಸುತ್ತಿಗೆ ಚೂರು ಕಮ್ಮಿ. ಅಂದರೆ 2.80 ಅಲ್ವಾ? ಲಿಮಿಟೆಡ್ ಸ್ಲಿಪ್ ಇಲ್ಲ. ಕೂಗು ಆಕ್ಸಿಲರೇಟರ್‌ಗೆ ಬದಲಾಗಲಿಲ್ಲ. ಬಲಕ್ಕೆ ತೂಗಿದರೆ ಜಾಸ್ತಿ, ಎಡಕ್ಕೆ ತೂಗಿದರೆ ಕಮ್ಮಿ.

ಲಾರಿಮೇಷ್ಟ್ರು:
ಎಡ ಚಕ್ರದ ಬೇರಿಂಗ್ ಹೋಗಿದೆ. ಬಲಕ್ಕೆ ತಿರುಗಿದರೆ ಭಾರ ಎಡಕ್ಕೆ ಬೀಳುತ್ತದೆ. ಕ್ರೌನ್ ಪಿನಿಯನ್ ತಪ್ಪಿಲ್ಲ, ಸುಮ್ನೆ ಬೈಸಿಕೊಂಡಿತು.

ಗ್ರೀಸ್‌ಕೈ:
ಆ ಬೇರಿಂಗ್ ಸುಲಭದ ಕೆಲಸ. ಚಕ್ರ, ಡ್ರಮ್ ಬಿಚ್ಚಿದರೆ ಆಕ್ಸಲ್ ಮುಖದಲ್ಲಿ ಒಂದು ತೂತು ಕಾಣುತ್ತದೆ. ಅದರೊಳಗೆ ಸಾಕೆಟ್ ತೂರಿಸಿ ಹಿಂದಿನ ನಾಲ್ಕು ನಟ್ ಬಿಚ್ಚಿದರೆ ಶಾಫ್ಟ್ ಹೊರಗೆ ಬರುತ್ತದೆ. ಹಳೇ ಬೇರಿಂಗ್ ಮಾತ್ರ ಪ್ರೆಸ್ಸಿನಲ್ಲಿ ತೆಗೆಸಬೇಕು. ಸುತ್ತಿಗೆ ಏಟು ಬೇಡ.

ಇನ್ನು ಐದನೇ ಗೇರಿನ ಕಥೆ. ಲೆಕ್ಕ ಹೀಗೆ: ಗಂಟೆಗೆ ಮೈಲಿ, ಅದನ್ನು ಆಕ್ಸಲ್ ರೇಶಿಯೊದಿಂದ ಗುಣಿಸಿ, ಗೇರಿನ ರೇಶಿಯೊದಿಂದ ಗುಣಿಸಿ, 336ರಿಂದ ಗುಣಿಸಿ, ಟಯರಿನ ಎತ್ತರದಿಂದ ಭಾಗಿಸಿ. ನಿಮ್ಮ ಟಯರ್ 26 ಇಂಚು ಅಂತ ಇಟ್ಟುಕೊಳ್ಳೋಣ. ಟಿ-5ರ ಐದನೇ ಗೇರ್ 0.68. 70 ಮೈಲಿಯಲ್ಲಿ 2.80ಗೆ ಇಂಜಿನ್ 1,720 ಆರ್‌ಪಿಎಂ ಸುತ್ತುತ್ತದೆ. ಕ್ಯಾಮ್ ಬದಲಾಯಿಸಿದ 302ಗೆ ಅದು ನಿದ್ದೆಯ ಜಾಗ. 3.55 ಹಾಕಿದರೆ 2,180. 3.73 ಆದರೆ 2,290. 4.10 ಆದರೆ 2,520.

4.10 ಕೇಳಕ್ಕೆ ಚೆಂದ. ಆದರೆ ನಿಮ್ಮ ಟಿ-5ರ ಮೊದಲ ಗೇರ್ 3.35 ಇದೆ. ಎರಡನ್ನೂ ಗುಣಿಸಿದರೆ 13.7. ಸಿಗ್ನಲ್ ದಾಟುವ ಮೊದಲೇ ಎರಡನೇ ಗೇರು ಬೇಕಾಗುತ್ತದೆ. ಹಳೇ ನಾಲ್ಕು ಗೇರಿನ ಟಾಪ್‌ಲೋಡರ್‌ಗೆ ಬರೆದ ಸಲಹೆಯನ್ನು ಟಿ-5ಗೆ ಹಾಕಿದರೆ ಹೀಗೇ ಆಗೋದು. ಅದರ ಮೊದಲ ಗೇರ್ 2.78 ಅಥವಾ 2.32, ಕೊನೆಯದು 1.00. ನಿಮಗೆ 3.55 ಅಥವಾ 3.73. ಹೌಸಿಂಗ್ ಯಾವುದೇ ಇರಲಿ, ಈ ನಂಬರ್ ಬದಲಾಗೋದಿಲ್ಲ.

ಫ್ರೀಮಾಂಟ್‌ಭಟ್ಟ:
ಹಾಗಾದರೆ 8.8 ಇಂಚಿನದು ತಗೊಳ್ಳಿ ಸಾರ್. ಗುಜರಿಗೆ ಹೋಗಿ ಫೋರ್ಡ್ ಎಕ್ಸ್‌ಪ್ಲೋರರ್ ಹುಡುಕಿ. 1995ರಿಂದ 2001ರವರೆಗಿನದು. ಅದಕ್ಕೂ ಮೊದಲಿನದಕ್ಕೆ ಹಿಂದೆ ಡ್ರಮ್. 2002ರಿಂದ ನಾಲ್ಕು ಬಾಗಿಲಿನದಕ್ಕೆ ಇಂಡಿಪೆಂಡೆಂಟ್ ಸಸ್ಪೆನ್ಷನ್ ಬಂತು, ನಮಗೆ ಉಪಯೋಗ ಇಲ್ಲ. ಈ ನಡುವಿನದರಲ್ಲಿ ಡಿಸ್ಕ್ ಬ್ರೇಕ್ ಇದೆ, 31 ಸ್ಪ್ಲೈನ್ (ತುದಿಯಲ್ಲಿ ಕೊರೆದ ಹಲ್ಲು) ಶಾಫ್ಟ್ ಇದೆ, ಚಕ್ರದ ಬೋಲ್ಟ್ ಐದು, ಅದೇ ನಾಲ್ಕೂವರೆ ಇಂಚಿನ ವೃತ್ತ. ಅಗಲ ಹೆಚ್ಚುಕಮ್ಮಿ 59 ಮುಕ್ಕಾಲಿನ ಒಳಗೆ. ನಿಮ್ಮ 67ಕ್ಕೆ ಬೇಕಾದ್ದು 59 ಕಾಲು. ಕೊಯ್ಯೋದೇ ಬೇಡ.

ಫಾಕ್ಸ್ ಮಸ್ಟ್ಯಾಂಗಿನ (1979ರಿಂದ 93ರವರೆಗಿನದು) 8.8 ತರಬೇಡಿ. ಹೆಸರು ಒಂದೇ, ಆದರೆ ಶಾಫ್ಟ್ 28 ಸ್ಪ್ಲೈನ್, ಚಕ್ರಕ್ಕೆ ನಾಲ್ಕೇ ಬೋಲ್ಟ್, ಮೇಲೆ ಕಾಯಿಲ್ ಸ್ಪ್ರಿಂಗಿನ ಬ್ರಾಕೆಟ್‌ಗಳ ಸಂತೆ.

ಲಾರಿಮೇಷ್ಟ್ರು:
ನನ್ನ ಮಾತು ಬೇರೆ. 8 ಇಂಚನ್ನೇ ಇಟ್ಟುಕೋ. ಆ ಹೌಸಿಂಗಿನ ಮುಂದಿನಿಂದ ಕ್ರೌನ್ ಪಿನಿಯನ್ ಪೂರ್ತಿ ಮುದ್ದೆ ಬಿಚ್ಚಿ ಹೊರಗೆ ಬರುತ್ತದೆ, ನಮ್ಮ ಲಾರಿ ಹೌಸಿಂಗ್ ಹಾಗೇ. 3.55 ಹಲ್ಲು, ಲಿಮಿಟೆಡ್ ಸ್ಲಿಪ್ ಹಾಕಿ ಸೆಟ್ ಮಾಡಿದ್ದು ಹೊಸದಾಗಿಯೇ ಸಿಗುತ್ತದೆ. ಬೆಳಿಗ್ಗೆ ಬಿಚ್ಚಿದರೆ ಸಂಜೆಗೆ ಓಡಿಸಬಹುದು. ವೆಲ್ಡಿಂಗ್ ಇಲ್ಲ, ಬ್ರೇಕ್ ಪೈಪ್ ಮುಟ್ಟಬೇಕಿಲ್ಲ. 280 ಹಾರ್ಸ್‌ಪವರ್‌ಗೆ, ರಸ್ತೆ ಟಯರಿಗೆ, ಅದು ಸಾಕು. ಕ್ಲಚ್ ಎತ್ತಿ ಎಗರಿಸೋ ಚಪಲ ಇಲ್ಲದಿದ್ದರೆ.

ಮೂಗಿಗಿಂತ ಮೂಗುತಿ ಭಾರ ಆಗಬಾರದು.

ಬಿಗ್‌ಬ್ಲಾಕ್‌ಗೌಡ:
ಎಲ್ಲರೂ ಸೇರಿ 9 ಇಂಚನ್ನು ಬದಿಗೆ ತಳ್ಳಿದಿರಲ್ಲ! 1957ರಿಂದ 1986ರವರೆಗೆ ಫೋರ್ಡ್ ಅದನ್ನು ಸುಮ್ನೆ ಮಾಡಿತಾ? ಪಿನಿಯನ್ನಿನ ತುದಿಗೂ ಒಂದು ಬೇರಿಂಗ್ ಇದೆ, ಮೂರು ಕಡೆ ಹಿಡಿದಿರುತ್ತದೆ. ಎಷ್ಟು ಎಳೆದರೂ ಪಿನಿಯನ್ ಹಿಂದೆ ಸರಿಯೋದಿಲ್ಲ. 67ರಲ್ಲೇ 390 ಇಂಜಿನ್ನಿನ ಮಸ್ಟ್ಯಾಂಗಿಗೆ ಕಂಪನಿಯವರೇ 9 ಇಂಚು ಕೊಟ್ಟಿದ್ದರು. ಅಂದರೆ ಅಳತೆ ಮಾಡಿದ ಹಾಗೆ ಕೂರುತ್ತದೆ.

ಮತ್ತೆ 8.8ರಲ್ಲಿ ಶಾಫ್ಟ್ ಹಿಡಿದಿರುವುದು ಒಳಗಿನ ಒಂದು ಸಿ-ಕ್ಲಿಪ್. ಶಾಫ್ಟ್ ತುಂಡಾದರೆ ಚಕ್ರ, ಡಿಸ್ಕ್ ಎಲ್ಲಾ ಹೊರಗೆ ನಡೆದುಬಿಡುತ್ತದೆ. 8ರಲ್ಲೂ 9ರಲ್ಲೂ ಚಕ್ರದ ಕಡೆಯ ತಗಡೇ ಬೇರಿಂಗನ್ನು ಹಿಡಿದಿರುತ್ತದೆ.

ಗ್ರೀಸ್‌ಕೈ:
ಗೌಡ್ರೇ, ನೀವು 428 ಓಡಿಸುವವರು. ನಿಮ್ಮ ಗಾಡಿಗೆ 9 ಇಂಚು ಸರಿ. ಅದರ ಪಿನಿಯನ್ ಕ್ರೌನಿನ ಮಧ್ಯದಿಂದ ಜಾಸ್ತಿ ಕೆಳಗೆ ಕೂತಿದೆ. ಹಲ್ಲು ಹಲ್ಲಿನ ಮೇಲೆ ಜಾರುವುದು ಜಾಸ್ತಿ, ಬಿಸಿ ಜಾಸ್ತಿ, ಸ್ವಲ್ಪ ಶಕ್ತಿ ಅಲ್ಲೇ ಸವೆದು ಹೋಗುತ್ತದೆ. 600 ಹಾರ್ಸ್‌ಪವರ್ ಇದ್ದವರಿಗೆ ಅದು ಲೆಕ್ಕಕ್ಕಿಲ್ಲ. 280 ಇದ್ದವರು ಯಾಕೆ ಕೊಡಬೇಕು?

ಸಿ-ಕ್ಲಿಪ್ ಮಾತು ಸುಳ್ಳಲ್ಲ. ಸ್ಲಿಕ್ ಟಯರ್ ಹಾಕಿ ಡ್ರ್ಯಾಗ್ ಸ್ಟ್ರಿಪ್ಪಿಗೆ ಹೋಗುವುದಾದರೆ ಅದನ್ನು ತೆಗೆಯುವ ಕಿಟ್ ಹಾಕಿಸಿ. ಕಾಫಿಗೆ ಹೋಗಿ ಬರುವ ಗಾಡಿಗೆ ಆ ಭಯ ಬೇಡ. ಎಕ್ಸ್‌ಪ್ಲೋರರ್‌ಗಳೂ ಅದೇ ಕ್ಲಿಪ್ಪಿನ ಮೇಲೆ ಸಂಸಾರ ಸಾಗಿಸಿವೆ.

ಬಿಗ್‌ಬ್ಲಾಕ್‌ಗೌಡ:
ಕಾಫಿಗೆ ಹೋಗಿ ಬರಕ್ಕೆ 302 ಯಾಕೆ, ಸೈಕಲ್ ಸಾಕು. 😄 ಒಂದು ಎಚ್ಚರಿಕೆ: ಗುಜರಿಯಲ್ಲಿ "9 ಇಂಚು" ಅಂತ 8 ಇಂಚು ಮಾರುವವರಿದ್ದಾರೆ. ಹಿಂದಿನಿಂದ ನೋಡಿದರೆ ಅಣ್ಣ ತಮ್ಮ ಇದ್ದ ಹಾಗಿವೆ. ಮುಂದಿನ ಮುದ್ದೆಯ ಕೆಳಗಿನ ನಟ್‌ಗಳಿಗೆ ಸಾಕೆಟ್ ನೇರವಾಗಿ ಕೂತರೆ 8 ಇಂಚು. ಕೂರದೆ ಸ್ಪ್ಯಾನರ್ ಬೇಕಾದರೆ 9. ಎರಕದ ಮೇಲೆ ದಪ್ಪ ಎನ್ ಅಕ್ಷರ ಕಂಡರೆ ಅದು ಗಟ್ಟಿ ನಾಡ್ಯುಲರ್ ಕಬ್ಬಿಣದ್ದು. ಕಂಡ ಕೂಡಲೇ ದುಡ್ಡು ಕೊಟ್ಟು ಎತ್ತಿಕೊಳ್ಳಿ.

ಶೆವೆಲ್‌ಶೆಟ್ಟಿ:
ಮಧ್ಯೆ ಬಾಯಿ ಹಾಕ್ತೀನಿ. ನನ್ನದು ಜಿಎಂ ಕಂಪನಿಯ 1970ರ ಶೆವೆಲ್, ಹಿಂದೆ ಅವರದೇ 10-ಬೋಲ್ಟ್ ಆಕ್ಸಲ್. ನಾನೂ ಎಕ್ಸ್‌ಪ್ಲೋರರ್ 8.8 ಹಾಕಬಹುದಾ?

ಗ್ರೀಸ್‌ಕೈ:
ಶೆಟ್ರೇ, ಮಸ್ಟ್ಯಾಂಗಿಗೆ ಹಿಂದೆ ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್). ನಿಮ್ಮದಕ್ಕೆ ಕಾಯಿಲ್ ಸ್ಪ್ರಿಂಗ್, ನಾಲ್ಕು ಆರ್ಮ್. ಮೇಲಿನ ಎರಡು ಆರ್ಮ್ ಹೌಸಿಂಗಿನ ನಡುವಿಗೇ ಬಂದು ಕೂರುತ್ತವೆ. ಫೋರ್ಡ್ ಹೌಸಿಂಗಿಗೆ ಆ ಕಿವಿಗಳನ್ನೆಲ್ಲ ಕಟ್ಟಿ ವೆಲ್ಡ್ ಮಾಡುವಷ್ಟರಲ್ಲಿ 12-ಬೋಲ್ಟ್ ಬರುತ್ತದೆ. ಜಿಎಂ 12-ಬೋಲ್ಟಿನ ಕ್ರೌನ್ 8.875 ಇಂಚು, ನಿಮ್ಮ ಗಾಡಿಗೆ ಬೇರೆ ಯೋಚನೆ ಬೇಡ. ಒಂದೇ ಎಚ್ಚರಿಕೆ, 68ರಿಂದ 72ರ ಶೆವೆಲ್‌ನದ್ದು ಅಂತ ಖಾತ್ರಿ ಮಾಡಿಕೊಳ್ಳಿ. 67ರವರೆಗಿನದು ಅಗಲ ಕಮ್ಮಿ.

ಶೆವೆಲ್‌ಶೆಟ್ಟಿ:
ಉಳೀತು ನನ್ನ ವೆಲ್ಡಿಂಗ್ ಖರ್ಚು. ಥ್ಯಾಂಕ್ಸ್.

ಹಳೇಕುದುರೆ:
ಬೇರಿಂಗ್ ಹಾಕಿದೆ, ಕೂಗು ನಿಂತಿತು. ಮೇಷ್ಟ್ರೇ, ನಿಮ್ಮ ಮಾತು ಕೇಳಬೇಕು ಅಂತಲೇ ಇದ್ದೆ. ಆದರೆ ಶನಿವಾರ ಗುಜರಿಗೆ ಸುಮ್ನೆ ನೋಡಿ ಬರಲು ಹೋದೆ. ಬರಿಗೈಯಲ್ಲಿ ಬರಲಿಲ್ಲ. 😬

1998ರ ಎಕ್ಸ್‌ಪ್ಲೋರರ್. ಡ್ರೈವರ್ ಬಾಗಿಲಿನ ಚೀಟಿಯಲ್ಲಿ ಆಕ್ಸಲ್ ಕೋಡ್ ಡಿ4. ಡಿಫರೆನ್ಷಿಯಲ್ ಮುಚ್ಚಳದ ಬೋಲ್ಟಿನಲ್ಲಿ ನೇತಾಡುವ ತಗಡಿನ ಮೇಲೆ 3ಎಲ್73. ಅಂದರೆ 3.73, ಲಿಮಿಟೆಡ್ ಸ್ಲಿಪ್ ಅಲ್ವಾ? ಎಣಿಸಿಯೂ ನೋಡಿದೆ, ಎರಡೂ ಚಕ್ರ ಒಂದೇ ಕಡೆ ತಿರುಗಿದವು. 250 ಡಾಲರ್ ಕೊಟ್ಟೆ. ಈಗ ಗ್ಯಾರೇಜಿನಲ್ಲಿ ಮಲಗಿದೆ. ಬಯ್ಯಿರಿ, ಆದರೆ ಮುಂದೇನು ಅಂತಲೂ ಹೇಳಿ.

ಲಾರಿಮೇಷ್ಟ್ರು:
ಬಯ್ಯೋದು ಯಾಕೆ, ಗುಜರಿಗೆ ನೋಡಕ್ಕೆ ಹೋದವರು ಬರಿಗೈಯಲ್ಲಿ ಬಂದಿದ್ದು ನಾನಂತೂ ಕಂಡಿಲ್ಲ. ಶಿವಾಜಿನಗರ ಗುಜರಿಯಲ್ಲಿ ನನ್ನ ಗತಿಯೂ ಅದೇ ಇತ್ತು. ಮೊದಲು ಹಿಂದಿನ ಮುಚ್ಚಳ ಬಿಚ್ಚು. ಎಣ್ಣೆ ಬೆರಳಿಗೆ ಹಚ್ಚಿ ಉಜ್ಜಿ ನೋಡು. ಬೂದಿಯ ಹಾಗೆ ನುಣ್ಣಗೆ ಇದ್ದರೆ ಸರಿ. ಮರಳಿನ ಹಾಗೆ ಕೈಗೆ ತಾಗಿದರೆ ಬೇರಿಂಗ್ ಎಲ್ಲಾ ಬದಲಾಯಿಸು.

ಫ್ರೀಮಾಂಟ್‌ಭಟ್ಟ:
ಮಿಶಿಗನ್ ಗಾಡಿ, ಅಂದರೆ ಉಪ್ಪು ತಿಂದ ಗಾಡಿ. ಡಿಸ್ಕಿನ ಹಿಂದಿನ ತಗಡು ನೋಡಿ. ಎಕ್ಸ್‌ಪ್ಲೋರರ್ ಡಿಸ್ಕಿನ ಹೊಟ್ಟೆಯೊಳಗೆ ಒಂದು ಸಣ್ಣ ಡ್ರಮ್ ಇದೆ, ಹ್ಯಾಂಡ್‌ಬ್ರೇಕ್ ಶೂಗಳು ಅಲ್ಲಿ ಕೂರುತ್ತವೆ. ಆ ಶೂ ಹಿಡಿಯುವ ತಗಡು ತುಕ್ಕು ಹಿಡಿದು ಬಿಸ್ಕತ್ತಿನ ಹಾಗೆ ಉದುರುತ್ತದೆ. ಅದನ್ನು ಬದಲಾಯಿಸಲು ಶಾಫ್ಟ್ ಎಳೆಯಲೇಬೇಕು. ಹೇಗೂ ಮುಚ್ಚಳ ಬಿಚ್ಚಿರುತ್ತೀರಿ. ಮಧ್ಯದ ಪಿನ್ ತೆಗೆದು ಶಾಫ್ಟನ್ನು ಒಳಕ್ಕೆ ತಳ್ಳಿದರೆ ಸಿ-ಕ್ಲಿಪ್ ಕೈಗೇ ಬೀಳುತ್ತದೆ.

ಇನ್ನೊಂದು. ನಿಮ್ಮ ಹಳೇ 14 ಇಂಚಿನ ಚಕ್ರ ಈ ಡಿಸ್ಕಿನ ಮೇಲೆ ಕೂರೋದಿಲ್ಲ. 15 ಬೇಕು, ಅದೂ ಹಾಕಿ ತಿರುಗಿಸಿ ನೋಡಿದ ಮೇಲೆ.

ಗ್ರೀಸ್‌ಕೈ:
ಈಗ ಮುಖ್ಯವಾದ್ದು. ಎಕ್ಸ್‌ಪ್ಲೋರರ್‌ನ ಪಟ್ಟಿ ಕೂರುವ ಸೀಟುಗಳನ್ನು ಗ್ರೈಂಡರ್ ಹಿಡಿದು ಕೊಯ್ದು ತೆಗೆಯಿರಿ. ಮಸ್ಟ್ಯಾಂಗಿಗೆ ಸೀಟಿನ ನಡುವಿನ ದೂರ 43 ಇಂಚು, ಆದರೂ ನಿಮ್ಮ ಗಾಡಿಯ ಪಟ್ಟಿಯನ್ನೇ ಅಳೆಯಿರಿ. ಆಕ್ಸಲ್ ಕೊಳವೆ ಮೂರೂಕಾಲು ಇಂಚು ದಪ್ಪ. ಹಳೇ ಯು-ಬೋಲ್ಟ್ ಸುತ್ತೋದಿಲ್ಲ, ಹೊಸದು ತನ್ನಿ.

ಸೀಟನ್ನು ಪೂರ್ತಿ ವೆಲ್ಡ್ ಮಾಡಬೇಡಿ. ಒಂದೆರಡು ಚುಕ್ಕೆ ಮಾತ್ರ ಇಡಿ. ಗಾಡಿ ಚಕ್ರದ ಮೇಲೆ ನಿಲ್ಲಲಿ, ಪೂರ್ತಿ ಭಾರ ಬೀಳಲಿ. ಆಮೇಲೆ ಡಿಜಿಟಲ್ ಕೋನಮಾಪಕ ತಗೊಂಡು ಗೇರ್‌ಬಾಕ್ಸಿನ ಬಾಲ ಎಷ್ಟು ಡಿಗ್ರಿ ಕೆಳಕ್ಕೆ ಬಾಗಿದೆ ನೋಡಿ. 3 ಡಿಗ್ರಿ ಕೆಳಕ್ಕಿದ್ದರೆ ಪಿನಿಯನ್ ಮೂತಿ 3 ಮೇಲಕ್ಕಿದ್ದಾಗ ಎರಡೂ ಸಮಾನಾಂತರ. ಆದರೆ ಎಳೆತ ಬಿದ್ದಾಗ ಪಟ್ಟಿ ಸುರುಳಿಕೊಂಡು ಮೂತಿಯನ್ನು ಮೇಲಕ್ಕೆ ಎತ್ತುತ್ತದೆ. ಅದಕ್ಕೆ 2 ಡಿಗ್ರಿ ಬಿಟ್ಟು, ಮೂತಿಯನ್ನು 1 ಡಿಗ್ರಿ ಮೇಲಕ್ಕೆ ಇಡಿ. ಆಮೇಲೆ ಇಳಿಸಿ ಪೂರ್ತಿ ವೆಲ್ಡ್ ಮಾಡಿ. ಸ್ವಲ್ಪ ಸ್ವಲ್ಪ, ಆ ಕಡೆ ಈ ಕಡೆ ಬದಲಾಯಿಸುತ್ತಾ. ಒಂದೇ ಉಸಿರಿಗೆ ಸುಟ್ಟರೆ ಕೊಳವೆ ಸೊಟ್ಟಗಾಗುತ್ತದೆ.

ಪಿನಿಯನ್ ಮಧ್ಯದಲ್ಲಿ ಇಲ್ಲ, ಸುಮಾರು 2 ಇಂಚು ಪ್ಯಾಸೆಂಜರ್ ಕಡೆಗಿದೆ. ಗಾಬರಿ ಬೇಡ. ಎರಡು ತುದಿ ಸಮಾನಾಂತರ ಇದ್ದರೆ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್‌ಗಳು ತಕರಾರು ಮಾಡೋದಿಲ್ಲ. ಸೈಲೆನ್ಸರ್ ಪೈಪಿಗೆ ತಾಗದ ಹಾಗೆ ನೋಡಿಕೊಳ್ಳಿ. ಪ್ರೊಪೆಲ್ಲರ್ ಶಾಫ್ಟ್ ಅಳತೆ ಎಲ್ಲದಕ್ಕೂ ಕೊನೆಗೆ.

ಪುಟ್ಟಕುದುರೆ:
ನನ್ನದು 66. ಅಗಲ 57 ಕಾಲು ಇಂಚು. ನನಗೆ ಇದೇ 8.8 ಆಗೋದಿಲ್ವಾ?

ಗ್ರೀಸ್‌ಕೈ:
ಆಗುತ್ತದೆ. ಉದ್ದ ಇರುವ ಕಡೆಯ ಕೊಳವೆಯನ್ನು ಸುಮಾರು 3 ಇಂಚು ಕೊಯ್ದು, ಇನ್ನೊಂದು ಎಕ್ಸ್‌ಪ್ಲೋರರ್‌ನಿಂದ ಗಿಡ್ಡ ಶಾಫ್ಟ್ ತಂದು ಎರಡೂ ಕಡೆ ಗಿಡ್ಡದ್ದೇ ಹಾಕುತ್ತಾರೆ. ಪಿನಿಯನ್ ಕೂಡ ಮಧ್ಯಕ್ಕೆ ಬರುತ್ತದೆ. ಆದರೆ ಕೊಳವೆ ನೇರ ಹಿಡಿಯುವ ಜಿಗ್ ಇದ್ದವರ ಹತ್ತಿರವೇ ಮಾಡಿಸಿ. 66ಕ್ಕೆ ಬ್ರೇಕ್ ಮಾಸ್ಟರ್ ಸಿಲಿಂಡರ್ ಒಂದೇ ಕೋಣೆಯದು. 67ರಲ್ಲಿ ಎರಡು ಕೋಣೆ ಬಂತು. ಆಕ್ಸಲ್ ಮುಟ್ಟುವ ಮೊದಲು ಅದನ್ನು ಬದಲಾಯಿಸಿ ಅಂತ ನನ್ನ ಸಲಹೆ. ಒಂದು ಪೈಪ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಗುವ ಗಾಡಿಯಲ್ಲಿ ನಾನು ಕೂರೋದಿಲ್ಲ.

ಹಳೇಕುದುರೆ:
ಒಂದು ತಿಂಗಳು ಆಯಿತು. ಬೇಜಾರಿನ ಕಥೆ. ನನಗೆ ವೆಲ್ಡಿಂಗ್ ಬರೋದಿಲ್ಲ. ಒಂದು ಅಂಗಡಿಗೆ ಕೊಟ್ಟೆ, ಹೆಸರು ಬೇಡ. ಗಾಡಿ ಸ್ಟ್ಯಾಂಡ್ ಮೇಲೆ ಇದ್ದಾಗಲೇ, ಹಿಂದಿನ ಚಕ್ರ ಗಾಳಿಯಲ್ಲಿ ನೇತಾಡುತ್ತಿದ್ದಾಗಲೇ, ಕೋನ ಹಿಡಿದು ವೆಲ್ಡ್ ಮಾಡಿಬಿಟ್ಟಿದ್ದಾರೆ. ಓಡಿಸಿದರೆ 55 ಮೈಲಿಗೆ ಸೀಟು ನಡುಗುತ್ತದೆ, ಕನ್ನಡಿಯಲ್ಲಿ ಹಿಂದಿನ ಗಾಡಿ ಎರಡೆರಡು ಕಾಣುತ್ತದೆ. ಪ್ರೊಪೆಲ್ಲರ್ ಶಾಫ್ಟ್ ಬ್ಯಾಲೆನ್ಸ್ ಸರಿ ಇಲ್ಲ ಅಂದರು. ಇನ್ನೊಂದು ಕಡೆ ಬ್ಯಾಲೆನ್ಸ್ ಮಾಡಿಸಿದೆ. ನಡುಕ ಹಾಗೇ ಇದೆ.

ಗ್ರೀಸ್‌ಕೈ:
ಗಾಡಿಯನ್ನು ನೆಲಕ್ಕೆ ಇಳಿಸಿ ಅಳೆದಿರಾ?

ಹಳೇಕುದುರೆ:
ಈಗ ಅಳೆದೆ. ಗೇರ್‌ಬಾಕ್ಸ್ 3 ಕೆಳಕ್ಕೆ. ಪಿನಿಯನ್ 6 ಮೇಲಕ್ಕೆ.

ಲಾರಿಮೇಷ್ಟ್ರು:
ಆಕಾಶ ನೋಡ್ತಿದೆ. ಎಳೆದಾಗ ಇನ್ನೂ ಮೇಲೆ ಹೋಗುತ್ತದೆ. ಜಾಯಿಂಟ್ ಪಾಪ ಏನು ಮಾಡೀತು?

ಫ್ರೀಮಾಂಟ್‌ಭಟ್ಟ:
ಪಟ್ಟಿಯ ಕೆಳಗೆ ಓರೆ ತುಂಡು ಇಟ್ಟರೆ ಆಗೋದಿಲ್ವಾ?

ಗ್ರೀಸ್‌ಕೈ:
ಒಂದೆರಡು ಡಿಗ್ರಿಗೆ ಸರಿ. 5 ಡಿಗ್ರಿಗೆ ಓರೆ ತುಂಡು ಇಟ್ಟು ನಾನು ರಸ್ತೆಗೆ ಬಿಡೋದಿಲ್ಲ. ಕೊಯ್ದು ಮತ್ತೆ ಹಚ್ಚಿ. ನಿಮ್ಮ ಊರಿಗೆ ನನ್ನ ಮನೆಯಿಂದ ಎರಡು ಗಂಟೆ ದಾರಿ. ಭಾನುವಾರ ಮಿಗ್ ವೆಲ್ಡರ್ ಹಾಕಿಕೊಂಡು ಬರ್ತೀನಿ. ಊಟ ನಿಮ್ಮದು.

ಹಳೇಕುದುರೆ:
ಬೆಣ್ಣೆ ದೋಸೆ ಗ್ಯಾರಂಟಿ ಅಣ್ಣ. ಹಂಚು ಕೂಡ ದಾವಣಗೆರೆಯದ್ದೇ.

ಹಳೇಕುದುರೆ:
ಭಾನುವಾರದ ವರದಿ. ಬೆಳಿಗ್ಗೆ ಎಂಟಕ್ಕೆ ಅಣ್ಣ ಬಂದರು. ಒಂಬತ್ತಕ್ಕೆ ಹಳೇ ಸೀಟು ನೆಲದ ಮೇಲೆ. ಗಾಡಿ ಇಳಿಸಿ, ಒಳಗೆ ನನ್ನನ್ನು ಕೂರಿಸಿ, ಮುಂದೆ ಹಿಂದೆ ನಾಲ್ಕು ಸಲ ಕುಪ್ಪಳಿಸಿ, ಆಮೇಲೆ ಅಳೆದರು. "ಪಟ್ಟಿ ತನ್ನ ಜಾಗಕ್ಕೆ ಬರಲಿ" ಅಂದರು. ಮಾಪಕದಲ್ಲಿ 1.1 ಬಂತು. ಇನ್ನೂ ಸರಿ ಮಾಡೋಣ ಅಂದೆ. ಕೈ ತಳ್ಳಿದರು.

ಬ್ರೇಕಿನಲ್ಲಿ ಒಂದು ಹುಳುಕು ಸಿಕ್ಕಿತು. ಹಿಂದಿನ ಡಿಸ್ಕ್ ಬಿಡದೆ ಹಿಡಿಯುತ್ತಿತ್ತು, ಹತ್ತು ಮೈಲಿ ಓಡಿಸಿದರೆ ಮುಟ್ಟಲು ಆಗದಷ್ಟು ಬಿಸಿ. ಡ್ರಮ್ಮಿಗಾಗಿ ಸುಮಾರು 10 ಪಿಎಸ್‌ಐ ಒತ್ತಡ ಹಿಡಿದಿಡುವ ಸಣ್ಣ ವಾಲ್ವ್ ಮಾಸ್ಟರ್ ಸಿಲಿಂಡರಿನ ಹಿಂದಿನ ಬಾಯಲ್ಲೇ ಇತ್ತು. ಡಿಸ್ಕಿಗೆ ಅದು ಬೇಡ. ತೆಗೆದೆವು. ಹಿಂದಕ್ಕೆ ಹೋಗುವ ಪೈಪಿಗೆ ತಿರುಗಿಸಿ ಹೊಂದಿಸುವ ಪ್ರಪೋರ್ಷನಿಂಗ್ ವಾಲ್ವ್ ಹಾಕಿದೆವು. ಖಾಲಿ ಜಾಗದಲ್ಲಿ ಜೋರಾಗಿ ಬ್ರೇಕ್ ಒತ್ತಿ, ಹಿಂದಿನ ಚಕ್ರ ಮುಂದಿನದಕ್ಕಿಂತ ಮೊದಲು ಲಾಕ್ ಆಗದ ಹಾಗೆ ತಿರುಗಿಸುತ್ತಾ ಬಂದೆವು.

ನಡುಕ ಇಲ್ಲ. 70ರಲ್ಲಿ ಐದನೇ ಗೇರು, ಮೀಟರಿನಲ್ಲಿ 2,300ರ ಹತ್ತಿರ. ಆದರೆ ನಿಧಾನಕ್ಕೆ ತಿರುಗಿಸಿದರೆ ಹಿಂದೆ ಕಟಕಟ ಅಂತ ನಡುಗಿ ನಡುಗಿ ತಿರುಗುತ್ತದೆ.

ಫ್ರೀಮಾಂಟ್‌ಭಟ್ಟ:
ಲಿಮಿಟೆಡ್ ಸ್ಲಿಪ್ಪಿನ ಕ್ಲಚ್ ಪ್ಲೇಟು. ಎಣ್ಣೆ ಜೊತೆ ಫ್ರಿಕ್ಷನ್ ಮಾಡಿಫೈಯರ್ ಹಾಕಿದಿರಾ? 4 ಔನ್ಸಿನ ಬಾಟಲಿ ಬರುತ್ತದೆ. ಹಾಕಿ, ಖಾಲಿ ಪಾರ್ಕಿಂಗ್ ಜಾಗದಲ್ಲಿ ನಿಧಾನವಾಗಿ ಎಂಟರ ಆಕಾರ ಸುತ್ತಿ. ಆ ಕಡೆ ಹತ್ತು, ಈ ಕಡೆ ಹತ್ತು.

ಹಳೇಕುದುರೆ:
ಮಾಡಿಫೈಯರ್ ಮರೆತಿದ್ದೆ. ಹಾಕಿ ಸುತ್ತಿದೆ. ಪಕ್ಕದ ಮನೆಯವರು ಹೊರಗೆ ಬಂದು ಎಲ್ಲಾ ಸರಿ ಇದೆಯಾ ಅಂತ ಕೇಳಿದರು. ಕಟಕಟ ಹೋಯಿತು.

ಬಿಗ್‌ಬ್ಲಾಕ್‌ಗೌಡ:
ಒಟ್ಟು ಎಷ್ಟಾಯಿತು ಖರ್ಚು? ನಿಜ ಹೇಳಿ.

ಹಳೇಕುದುರೆ:
ಆಕ್ಸಲ್ 250. ಬೇರಿಂಗ್, ಸೀಲ್, ಹ್ಯಾಂಡ್‌ಬ್ರೇಕ್ ತಗಡು, ಶೂ, ಯು-ಬೋಲ್ಟ್, ಎಣ್ಣೆ, ವಾಲ್ವ್, ಕೇಬಲ್, ಪ್ರೊಪೆಲ್ಲರ್ ಶಾಫ್ಟ್, ಎರಡು ಸಲ ಬ್ಯಾಲೆನ್ಸ್, ಒಂದು ಸಲ ಹಾಳು ವೆಲ್ಡಿಂಗ್, ನಾಲ್ಕು 15 ಇಂಚಿನ ಚಕ್ರ, ಟಯರ್. ಎಲ್ಲಾ ಕೂಡಿಸಿದರೆ ಮೇಷ್ಟ್ರು ಹೇಳಿದ 8 ಇಂಚಿನ ಕೆಲಸ ಎರಡು ಸಲ ಮಾಡಿಸಬಹುದಿತ್ತು. ಡಿಸ್ಕ್ ಬ್ರೇಕ್ ಬಂತು, ಅದೊಂದು ಸಮಾಧಾನ. ಹೆಂಡತಿಗೆ 250 ಅಂತಷ್ಟೇ ಹೇಳಿದ್ದೇನೆ.

ಅಂದ ಹಾಗೆ ಹಳೇ 8 ಇಂಚಿನ ಹೌಸಿಂಗ್ ಗ್ಯಾರೇಜಿನ ಅರ್ಧ ಜಾಗ ತಿಂದಿದೆ. ಹೊಸ ಬೇರಿಂಗ್ ಬೇರೆ ಇದೆ. ಯಾರಿಗಾದರೂ ಬೇಕಾ? ಬಂದು ಎತ್ತಿಕೊಂಡು ಹೋಗಿ, ದುಡ್ಡು ಬೇಡ.

ಪುಟ್ಟಕುದುರೆ:
ನನಗೆ ಕೊಡಿ!

ಲಾರಿಮೇಷ್ಟ್ರು:
ಯಾರಿಗೂ ಕೊಡಬೇಡ. ಪುಟ್ಟಕುದುರೆ, ಅದು 2 ಇಂಚು ಅಗಲ ಜಾಸ್ತಿ, ನಿನ್ನ ಗಾಡಿಗೆ ಟಯರ್ ಮಡ್‌ಗಾರ್ಡ್ ಉಜ್ಜುತ್ತದೆ. ತಮ್ಮಾ, ಅದು ಆ ಗಾಡಿ ಜೊತೆ ಕಾರ್ಖಾನೆಯಿಂದ ಬಂದದ್ದು. ನಾಳೆ ಮಾರುವಾಗ ಬಂದವನು ಮೊದಲು ಅದನ್ನೇ ಕೇಳುತ್ತಾನೆ. ಒಳಗೆ ಎಣ್ಣೆ ಸುರಿದು, ಎರಡು ತುದಿಗೆ ಬಟ್ಟೆ ತುರುಕಿ, ಗೋಡೆ ಪಕ್ಕ ನಿಲ್ಲಿಸು.

ಹಳೇಕುದುರೆ:
ನಿಲ್ಲಿಸಿದೆ ಮೇಷ್ಟ್ರೇ. ಬಟ್ಟೆ ಸಿಗಲಿಲ್ಲ, ಹಳೇ ಪಂಚೆ ಹರಿದು ತುರುಕಿದೆ.